ಗರ್ಭಚೀಲ ತೆಗೆಸುವ ಮೊದಲು: ಹೆಂಗಸರ ಕ್ಯಾನ್ಸರ್‌ಗೆ ತಜ್ಞ ಚಿಕಿತ್ಸೆ ಕುರಿತು ಉತ್ತರ ಕನ್ನಡದವರ ಚರ್ಚೆ

ಶಿರಸಿಯ ತಂಗಿ

ಮಾನ್ಯರೇ, ನಮ್ಮ ಅಕ್ಕನ ವಿಷಯದಲ್ಲಿ ತುರ್ತಾಗಿ ಸಲಹೆ ಬೇಕಾಗಿದೆ. ಅಕ್ಕನಿಗೆ 54 ವರ್ಷ. ಶಿರಸಿಯಿಂದ ಒಳಗಿನ ಹಳ್ಳಿಯಲ್ಲಿ ಮನೆ, ತೋಟ. ಸಕ್ಕರೆ ಕಾಯಿಲೆ ಮೊದಲಿನಿಂದ ಇದೆ, ಮೈ ತೂಕವೂ ಹೆಚ್ಚು. ಮುಟ್ಟು ನಿಂತು ಮೂರು ವರ್ಷಗಳಾಗಿದ್ದವು. ದೀಪಾವಳಿಯ ಹೊತ್ತಿಗೆ ಸ್ವಲ್ಪ ರಕ್ತ ಕಾಣಿಸಿಕೊಂಡಿತಂತೆ, ಯಾರಿಗೂ ಹೇಳಲಿಲ್ಲ. ಕೊನೆಕೊಯ್ಲು ಶುರುವಾದ ಮೇಲೆ ಮತ್ತೆ ಕಂಡಿತು. ಅಡಿಕೆ ಸುಲಿಯುವವರಿಗೆ ಊಟ-ತಿಂಡಿ, ಬೇಯಿಸುವುದು, ಒಣಗಿಸುವುದು ಎಂಬ ಗಡಿಬಿಡಿಯಲ್ಲಿ ‘ಉಷ್ಣಕ್ಕೆ ಆಗಿರಬೇಕು’ ಎಂದು ಕೊತ್ತಂಬರಿ ಕಷಾಯ ಕುಡಿದು ಸುಮ್ಮನಿದ್ದಳು. ಮೂರನೆಯ ಸಲ ಬಟ್ಟೆ ತೊಯ್ಯುವಷ್ಟು ಹೋದಾಗ ನನಗೆ ಫೋನ್ ಮಾಡಿದಳು.

ಸ್ಕ್ಯಾನಿಂಗ್ ಮಾಡಿಸಿದೆವು. ಗರ್ಭಕೋಶದ ಒಳಪದರ 14 ಮಿಲಿಮೀಟರ್ ದಪ್ಪವಾಗಿದೆ ಎಂದು ವರದಿಯಲ್ಲಿದೆ. ತೋರಿಸಿದ ನರ್ಸಿಂಗ್ ಹೋಮಿನಲ್ಲಿ ‘ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ, ಗರ್ಭಚೀಲ ಇಟ್ಟುಕೊಂಡು ಏನು ಮಾಡುವುದು, ಮುಂದಿನ ವಾರ ತೆಗೆದುಬಿಡೋಣ’ ಎಂದರು. ಭಾವನಿಗೂ ಅದೇ ಸರಿ ಎನ್ನಿಸಿದೆ. ಹತ್ತಿರದಲ್ಲೇ ಆಗುತ್ತದೆ, ತೋಟದ ಕೆಲಸವೂ ನಿಲ್ಲುವುದಿಲ್ಲ ಎನ್ನುತ್ತಾರೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಒಳಗೆ ಏನಿದೆ ಎಂದು ತಿಳಿಯದೆ ತೆಗೆಸುವುದು ಸರಿಯೇ? ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಸಿಸ್ಟರ್, ಕಾರವಾರ

ನಿಮ್ಮ ಸಂಶಯ ಸರಿಯಾಗಿದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಪರೀಕ್ಷೆ ಮಾಡಿಸಲೇಬೇಕು. ಹೀಗೆ ರಕ್ತ ಕಂಡು ಬರುವ ನೂರು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಅಂದರೆ ಬಹುಪಾಲು ಜನರಿಗೆ ಇರುವುದಿಲ್ಲ, ಈ ಧೈರ್ಯವನ್ನು ಮೊದಲು ಅಕ್ಕನಿಗೆ ಹೇಳಿ. ಆದರೆ ಈ ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ ತೊಂಬತ್ತರಷ್ಟು ಮಂದಿಗೆ ರಕ್ತಸ್ರಾವವೇ ಮೊದಲ ಗುರುತಾಗಿರುತ್ತದೆ ಎಂಬುದೂ ಅಷ್ಟೇ ನಿಜ. ಸಕ್ಕರೆ ಕಾಯಿಲೆ, ಹೆಚ್ಚಿನ ತೂಕ ಎರಡೂ ಈ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ಮುಟ್ಟು ನಿಂತವರಿಗೆ ರಕ್ತ ಕಂಡಾಗ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪವಾಗಿದ್ದರೆ ಬಯಾಪ್ಸಿ ಮಾಡುವುದು ವಾಡಿಕೆ. ನಿಮ್ಮಲ್ಲಿ 14 ಇದೆ. ಬಯಾಪ್ಸಿ ಎಂದರೆ ಹೆದರಬೇಕಾಗಿಲ್ಲ. ಪೈಪೆಲ್ ಎಂಬ ಸಣ್ಣ ನಳಿಕೆಯನ್ನು ಗರ್ಭಕೋಶದೊಳಗೆ ಕಳಿಸಿ ಪದರದ ಚೂರನ್ನು ಹೀರಿ ತೆಗೆಯುತ್ತಾರೆ. ಹೊರರೋಗಿ ವಿಭಾಗದಲ್ಲಿಯೇ, ಹೆಚ್ಚಿನವರಿಗೆ ಅರಿವಳಿಕೆಯೂ ಇಲ್ಲದೆ ಆಗುತ್ತದೆ. ಮುಟ್ಟಿನ ಹೊಟ್ಟೆನೋವಿನಂಥ ಸೆಳೆತ ಸ್ವಲ್ಪ ಹೊತ್ತು ಇರುತ್ತದೆ. ನಳಿಕೆ ಹೋಗದಿದ್ದರೆ ಒಳಪದರವನ್ನು ಕೆರೆದು ತೆಗೆಯುವ ಡಿ ಆ್ಯಂಡ್ ಸಿ ಮಾಡುತ್ತಾರೆ ಅಥವಾ ದುರ್ಬೀನು ಹಾಕಿ ನೋಡುತ್ತಾರೆ. ಶಿರಸಿಯಲ್ಲಿಯೇ ಮಾಡಿಸಬಹುದಾದ ಕೆಲಸ ಇದು. ಚೂರನ್ನು ಪರೀಕ್ಷಿಸುವ ಪ್ರಯೋಗಾಲಯ ಹುಬ್ಬಳ್ಳಿಯಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ವರದಿ ಬರುವವರೆಗೆ ಕಾಯುವುದರಿಂದ ಏನೂ ಕೆಡುವುದಿಲ್ಲ.

ಕುಮಟಾದ ಓದುಗ

ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಅದರಿಂದ ಈಗ ಪ್ರಯೋಜನವೂ ಇಲ್ಲ.

ನಮ್ಮ ಆಯಿಗೆ, ಅಂದರೆ ತಾಯಿಗೆ, ಆಗ 47. ಬಿಳಿಸೆರಗು ಬಹಳ ದಿನಗಳಿಂದ ಇತ್ತು, ಜೊತೆಗೆ ನಡುನಡುವೆ ರಕ್ತ. ಗರ್ಭಕಂಠದ ಕೋಶಗಳನ್ನು ಒರೆಸಿ ತೆಗೆದು ಪರೀಕ್ಷಿಸುವ ಪ್ಯಾಪ್ ಸ್ಮಿಯರ್ ಒಂದು ಸಲವೂ ಆಗಲಿಲ್ಲ, ಗರ್ಭಕಂಠವನ್ನು ಬೆಳಕು ಹಾಕಿ ಯಾರೂ ನೋಡಿದಂತಿಲ್ಲ. ‘ಚೀಲ ಕೊಳೆತಿದೆ’ ಎಂದು ಹೇಳಿ ತೆಗೆದರು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ನೀರಿನಂಥ ಔಷಧದಲ್ಲಿ ತೆಗೆದ ಅಂಗ, ಮುಚ್ಚಳದ ಮೇಲೆ ಬ್ಯಾಂಡೇಜಿನ ಪಟ್ಟಿ, ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಆಯಿಯ ಹೆಸರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಕಣ್ಣು ಉರಿಸುವ ಆ ವಾಸನೆ ನನ್ನ ಚೀಲಕ್ಕೂ ಹಿಡಿಯಿತು. ‘ಬೇಕಿದ್ದರೆ ಪರೀಕ್ಷೆಗೆ ಕಳಿಸಿ, ಅಗತ್ಯವೇನಿಲ್ಲ, ಸುಮ್ಮನೆ ಖರ್ಚು’ ಎಂದರು. ನಮ್ಮ ಚಿಕ್ಕಪ್ಪ ಕಳಿಸಲೇಬೇಕೆಂದು ಹಟ ಹಿಡಿದದ್ದರಿಂದ ಕಳಿಸಿದೆವು. ವರದಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ಎಂದು ಬಂತು, ಕತ್ತರಿಸಿದ ಅಂಚಿನವರೆಗೂ ಕಾಯಿಲೆ ಇದೆ ಎಂದೂ ಬರೆದಿತ್ತು.

ಆಮೇಲೆ ಕ್ಯಾನ್ಸರ್ ಆಸ್ಪತ್ರೆಯ ತಜ್ಞರು ವಿವರಿಸಿದ್ದು ಇಷ್ಟು: ಈ ಕಾಯಿಲೆ ಮೊದಲೇ ಗೊತ್ತಾಗಿದ್ದರೆ ಅಗಲವಾಗಿ ಸುತ್ತಲಿನ ಅಂಗಾಂಶವನ್ನೂ ಗ್ರಂಥಿಗಳನ್ನೂ ಸೇರಿಸಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯನ್ನೋ, ಇಲ್ಲವೇ ಗರ್ಭಕೋಶವನ್ನು ಮುಟ್ಟದೆ ನೇರವಾಗಿ ರೇಡಿಯೇಶನ್ನನ್ನೋ ಆಯ್ಕೆ ಮಾಡುತ್ತಿದ್ದರು. ಅರ್ಧ ಕೆಲಸ ಆಗಿಬಿಟ್ಟಿದ್ದರಿಂದ ಶಸ್ತ್ರಚಿಕಿತ್ಸೆಯ ನೋವನ್ನೂ ಉಂಡು, ಅದರ ಮೇಲೆ ರೇಡಿಯೇಶನ್ ಮತ್ತು ಕಿಮೋ ಎರಡನ್ನೂ ತೆಗೆದುಕೊಳ್ಳಬೇಕಾಯಿತು. ಆಯಿ ಈಗ ಚೆನ್ನಾಗಿದ್ದಾಳೆ, ಮನೆ ಕೆಲಸ ಮಾಡಿಕೊಂಡಿದ್ದಾಳೆ. ಆದರೆ ಒಂದು ಕಾಲು ಬಾತುಕೊಂಡೇ ಇರುತ್ತದೆ, ಮೂತ್ರ ತಡೆಯಲು ಕಷ್ಟ. ಶಿರಸಿಯ ಅಕ್ಕನವರ ವಿಷಯದಲ್ಲಿ ಇಂಥದ್ದು ಆಗಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸ್ತ್ರೀರೋಗ ವೈದ್ಯೆ (ಮೂಲ ಯಲ್ಲಾಪುರ)

ನಾನು ಹುಬ್ಬಳ್ಳಿಯಲ್ಲಿ ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಕ್ಯಾನ್ಸರ್ ಶಸ್ತ್ರಚಿಕಿತ್ಸಕಿಯಲ್ಲ. ನನ್ನಂಥ ಸಾಮಾನ್ಯ ಸ್ತ್ರೀರೋಗ ವೈದ್ಯರು ಎಲ್ಲಿಯವರೆಗೆ ಮಾಡಬೇಕು, ಎಲ್ಲಿ ನಿಲ್ಲಿಸಿ ಮುಂದೆ ಕಳಿಸಬೇಕು ಎಂಬುದೇ ಈ ಚರ್ಚೆಯ ತಿರುಳು ಎಂದು ತೋರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಎಂಡಿ ಅಥವಾ ಎಂಎಸ್ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಹೆಂಗಸರ ಜನನಾಂಗಗಳ ಕ್ಯಾನ್ಸರ್ ಬಗ್ಗೆಯೇ ಕಲಿತವರನ್ನು ಗೈನಕಾಲಜಿಕ್ ಆಂಕಾಲಜಿಸ್ಟ್ ಎನ್ನುತ್ತೇವೆ. ಹೆಸರಿನ ಮುಂದೆ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಎಂದಿರುತ್ತದೆ. ಗರ್ಭಕಂಠ, ಗರ್ಭಕೋಶದ ಒಳಪದರ, ಅಂಡಾಶಯ, ಯೋನಿ, ಯೋನಿಯ ಹೊರತುಟಿ, ಇವೆಲ್ಲ ಅವರ ವ್ಯಾಪ್ತಿಗೆ ಬರುತ್ತವೆ. ಅವರು ಒಬ್ಬರೇ ಕೂತು ತೀರ್ಮಾನ ಮಾಡುವುದಿಲ್ಲ. ಒಳ್ಳೆಯ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸಕರು, ರೇಡಿಯೇಶನ್ ತಜ್ಞರು, ಕಿಮೋ ಕೊಡುವ ವೈದ್ಯರು, ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್, ಸ್ಕ್ಯಾನಿಂಗ್ ನೋಡುವವರು ಎಲ್ಲರೂ ಟ್ಯೂಮರ್ ಬೋರ್ಡ್ ಎಂಬ ಸಭೆಯಲ್ಲಿ ಒಂದೊಂದು ಪ್ರಕರಣವನ್ನೂ ಮುಂದಿಟ್ಟುಕೊಂಡು, ಯಾವುದು ಮೊದಲು ಯಾವುದು ನಂತರ ಎಂದು ನಿರ್ಧರಿಸುತ್ತಾರೆ. ಈ ಕಾಯಿಲೆಗಳಲ್ಲಿ ಮೊದಲು ಏನು ಮಾಡುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಗರ್ಭಕಂಠದ ಕ್ಯಾನ್ಸರನ್ನೇ ನೋಡಿ. ಗಡ್ಡೆ ಚಿಕ್ಕದಾಗಿ ಗರ್ಭಕಂಠದಲ್ಲೇ ಇದ್ದರೆ ವಿಸ್ತಾರವಾದ ಶಸ್ತ್ರಚಿಕಿತ್ಸೆ ಸಾಧ್ಯ. ಗಡ್ಡೆ 4 ಸೆಂಟಿಮೀಟರ್ ದಾಟಿದ್ದರೆ ಅಥವಾ ಅಕ್ಕಪಕ್ಕಕ್ಕೆ ಹರಡಿದ್ದರೆ ಸಾಮಾನ್ಯವಾಗಿ ಕತ್ತರಿಸುವುದಿಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ರೇಡಿಯೇಶನ್, ಅದರ ಜೊತೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಔಷಧ, ಕೊನೆಗೆ ಗರ್ಭಕೋಶದೊಳಗೇ ಸಾಧನ ಇಟ್ಟು ಕೊಡುವ ಬ್ರಾಕಿಥೆರಪಿ. ಇಡೀ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟುಬಿಟ್ಟು ಹೋದರೆ ಫಲ ಕಡಿಮೆಯಾಗುತ್ತದೆ. ಬ್ರಾಕಿಥೆರಪಿಯ ಸಾಧನ ನಿಲ್ಲುವುದಕ್ಕೆ ಗರ್ಭಕೋಶ ಇರಬೇಕು. ಮೊದಲೇ ತೆಗೆದುಬಿಟ್ಟಿದ್ದರೆ ಗಡ್ಡೆಗೆ ಬೇಕಾದ ಪ್ರಮಾಣವನ್ನು ಮುಟ್ಟಿಸುವುದು ಕಷ್ಟವಾಗುತ್ತದೆ, ಕರುಳಿಗೂ ಮೂತ್ರಕೋಶಕ್ಕೂ ಹೆಚ್ಚು ತಗಲುತ್ತದೆ. ಕುಮಟಾದವರ ತಾಯಿಯವರು ಅನುಭವಿಸುತ್ತಿರುವ ಕಷ್ಟದ ಹಿಂದೆ ಇದೂ ಇರಬಹುದು.

ಅಂಡಾಶಯದ ಕ್ಯಾನ್ಸರ್ ಇನ್ನೂ ಮೋಸ ಮಾಡುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇಪದೇ ಮೂತ್ರ, ಸೊಂಟ ಬಿಗಿಯಾಗುವುದು. ನಮ್ಮ ಕಡೆ ಇದಕ್ಕೆಲ್ಲ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾರೆ. 45-50 ದಾಟಿದ ಹೆಂಗಸಿಗೆ ಹೊಸದಾಗಿ ಶುರುವಾದ ಹೊಟ್ಟೆ ಉಬ್ಬರ ಎರಡು-ಮೂರು ವಾರ ಇಳಿಯದಿದ್ದರೆ ಕೆಳಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಅಂಡಾಶಯದಲ್ಲಿ ಗಟ್ಟಿ ಭಾಗವಿರುವ ಗಡ್ಡೆ, ಹೊಟ್ಟೆಯಲ್ಲಿ ನೀರು, ಸಿಎ-125 ರಕ್ತಪರೀಕ್ಷೆಯಲ್ಲಿ ಏರಿಕೆ ಕಂಡರೆ ಅದನ್ನು ದುರ್ಬೀನು ಹಾಕಿ ಚುಚ್ಚಿ ನೀರು ತೆಗೆಯಲು ಹೋಗಬಾರದು. ಅಂಡಾಶಯದೊಳಗೇ ಇದ್ದ ಕಾಯಿಲೆ ಒಡೆದು ಹೊಟ್ಟೆಯೊಳಗೆಲ್ಲ ಚೆಲ್ಲಿದರೆ ಮೊದಲ ಹಂತದೊಳಗೇ ಮೇಲಿನ ಉಪಹಂತಕ್ಕೆ ಹೋಗುತ್ತದೆ, ಬೇಡವಾಗಿದ್ದ ಕಿಮೋ ಬೇಕಾಗಬಹುದು. ಈ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಮೇಲಿನ ಕೊಬ್ಬಿನ ಪೊರೆ, ಗ್ರಂಥಿಗಳು, ಹೊಟ್ಟೆಯ ಒಳಗೋಡೆ ಎಲ್ಲವನ್ನೂ ಪರಿಶೀಲಿಸಿ ಕಣ್ಣಿಗೆ ಕಾಣುವ ಕಾಯಿಲೆಯನ್ನು ಪೂರ್ತಿಯಾಗಿ ತೆಗೆಯಬೇಕು. ಎಷ್ಟು ಉಳಿಯಿತು ಎಂಬುದರ ಮೇಲೆ ಆ ಹೆಂಗಸಿನ ಆಯುಷ್ಯ ನಿಂತಿರುತ್ತದೆ. ಹರಡಿಕೊಂಡಿದ್ದರೆ ಮೊದಲು ಮೂರು ಸುತ್ತು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಎಂಬ ಕಿಮೋ ಔಷಧಗಳನ್ನು ಕೊಟ್ಟು, ಕುಗ್ಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದೂ ಉಂಟು. ಈ ಲೆಕ್ಕಾಚಾರ ನನ್ನಂಥವರದಲ್ಲ, ಅದೇ ಕೆಲಸವನ್ನು ದಿನವೂ ಮಾಡುವವರದು.

ಶಿರಸಿಯ ತಂಗಿಯವರೇ, ನಿಮ್ಮ ಅಕ್ಕನವರಿಗೆ ಮೊದಲು ಬಯಾಪ್ಸಿ, ಅದರಲ್ಲಿ ಏನೂ ಇಲ್ಲವೆಂದು ಬಂದರೂ ರಕ್ತ ನಿಲ್ಲದಿದ್ದರೆ ಇನ್ನೊಮ್ಮೆ ದುರ್ಬೀನು ಹಾಕಿ ನೋಡಬೇಕು. ಕ್ಯಾನ್ಸರ್ ಎಂದು ಬಂದರೆ ಎಂಆರ್‌ಐ ಮಾಡಿಸಿ, ಕಾಯಿಲೆ ಗರ್ಭಕೋಶದ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ ತಜ್ಞರ ಬಳಿ ಹೋಗಿ.

ಹೊನ್ನಾವರದಿಂದ ಒಬ್ಬರು

ಎಲ್ಲರ ಮಾತಿಗೂ ಗೌರವವಿದೆ, ಆದರೆ ಒಂದು ವಿಷಯ ಹೇಳಲೇಬೇಕು. ಮಳೆಗಾಲದ ರಾತ್ರಿಯಲ್ಲಿ ಬಾಗಿಲು ತಟ್ಟಿದರೆ ಎದ್ದು ಬಂದು ನಮ್ಮ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದವರು ಈ ಊರುಗಳ ವೈದ್ಯರೇ. ಅವರ ಮೇಲೆ ಅಪನಂಬಿಕೆ ಬೆಳೆಸುವುದು ಒಳ್ಳೆಯದಲ್ಲ. ಎಲ್ಲಕ್ಕೂ ಮಣಿಪಾಲ, ಬೆಂಗಳೂರು ಎನ್ನುವವರು ಇಲ್ಲಿಯ ಬಡವರ ಸ್ಥಿತಿಯನ್ನು ನೋಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆಗ ಇಡೀ ಜಿಲ್ಲೆ ಒಕ್ಕೊರಲಿನಿಂದ ಕೇಳಿತು. ಅದು ಆಗುವವರೆಗೆ ಕೂಲಿ ಮಾಡುವ ಹೆಂಗಸು ವಾರಗಟ್ಟಲೆ ಪರವೂರಿನಲ್ಲಿ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು?

ಸ್ತ್ರೀರೋಗ ವೈದ್ಯೆ (ಮೂಲ ಯಲ್ಲಾಪುರ)

ಹೊನ್ನಾವರದವರ ಮಾತನ್ನು ತಳ್ಳಿಹಾಕಲಾರೆ. ಊರಿನ ವೈದ್ಯರಿಲ್ಲದೆ ಈ ಚಿಕಿತ್ಸೆ ನಡೆಯುವುದೇ ಇಲ್ಲ. ಮೊದಲು ಸಂಶಯಪಡಬೇಕಾದವರು ಅವರು. ಗರ್ಭಕಂಠವನ್ನು ಬೆಳಕಿನಲ್ಲಿ ನೋಡುವುದು, ಪ್ಯಾಪ್ ಸ್ಮಿಯರ್, ಬಯಾಪ್ಸಿ, ರಕ್ತ ಏರಿಸುವುದು, ಸಕ್ಕರೆ ಹತೋಟಿಗೆ ತರುವುದು ಎಲ್ಲ ಊರಲ್ಲೇ ಆಗಬೇಕು. ರೇಡಿಯೇಶನ್ ಮುಗಿಸಿ ಬಂದವರನ್ನು ಮುಂದೆ ನೋಡಿಕೊಳ್ಳಬೇಕಾದವರೂ ಅವರೇ. ಕಿಮೋವನ್ನು ಕೂಡ ತಜ್ಞರು ಬರೆದುಕೊಟ್ಟಂತೆ ಜಿಲ್ಲಾ ಮಟ್ಟದಲ್ಲಿ ಕೊಡುವ ವ್ಯವಸ್ಥೆ ಬರುತ್ತಿದೆ. ಮುಂದಿನ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಹಗಲು ಆರೈಕೆ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರದ 2025ರ ಬಜೆಟ್ಟಿನಲ್ಲಿ ಹೇಳಲಾಗಿದೆ. ಅದು ನಮ್ಮ ಜಿಲ್ಲೆಯ ಹೆಂಗಸರಿಗೆ ತಲುಪುವಂತೆ ಒತ್ತಾಯಿಸುವುದು ನಮ್ಮೆಲ್ಲರ ಕೆಲಸ.

ಆದರೆ ಶಸ್ತ್ರಚಿಕಿತ್ಸೆ ಬೇರೆ ಮಾತು. ಅದನ್ನು ಎರಡನೆಯ ಸಲ ಸರಿಪಡಿಸಲು ಆಗುವುದಿಲ್ಲ. ಕ್ಯಾನ್ಸರ್ ಎಂದು ಗೊತ್ತಾದ, ಅಥವಾ ಬಲವಾದ ಸಂಶಯವಿರುವ ಹೆಂಗಸಿನ ಮೊದಲ ಶಸ್ತ್ರಚಿಕಿತ್ಸೆ ಈ ವಿದ್ಯೆಯಲ್ಲಿ ತರಬೇತಾದ ಕೈಯಿಂದಲೇ ಆಗಬೇಕು ಎಂಬ ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ. ದೂರ ಹೋಗುವುದು ಆ ಒಂದು ಕೆಲಸಕ್ಕಾಗಿ ಮಾತ್ರ ಇರಲಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಏಕೆ ತೆಗೆಯುತ್ತೀರಿ, ಬೇರೆ ದಾರಿ ಇಲ್ಲವೇ, ಬಯಾಪ್ಸಿ ಆಗಿದೆಯೇ ಎಂದು ಕೇಳುವುದನ್ನು ಯಾವ ಒಳ್ಳೆಯ ವೈದ್ಯರೂ ಅವಮಾನವೆಂದು ತಿಳಿಯುವುದಿಲ್ಲ.

ಸಿದ್ದಾಪುರದ ಮೇಷ್ಟ್ರು

ಖರ್ಚಿನ ಪ್ರಶ್ನೆ ಬಂದಿದ್ದರಿಂದ, ನಮ್ಮ ಅತ್ತಿಗೆಯ ಚಿಕಿತ್ಸೆಗಾಗಿ ಓಡಾಡಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷದವರೆಗೆ, ಸರ್ಕಾರ ಕೊಡುತ್ತದೆ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ದಾಖಲಾದ ಮೇಲೆ ‘ಪತ್ರ ಎಲ್ಲಿ’ ಎಂದು ಕೇಳಿದಾಗ ಪೇಚಾಡುವುದಕ್ಕಿಂತ, ಹೊರಡುವ ಮೊದಲೇ ಶಿರಸಿಯ ಪಂಡಿತ ಆಸ್ಪತ್ರೆಯಲ್ಲೋ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲೋ ತೋರಿಸಿ ಪತ್ರ ಬರೆಸಿಕೊಳ್ಳಿ. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರು, ಆಧಾರಿನಲ್ಲಿರುವ ಹೆಸರು ಒಂದೇ ಆಗಿದೆಯೇ ಎಂದು ನೋಡಿಕೊಳ್ಳಿ. ನಮ್ಮ ಅತ್ತಿಗೆಯ ಹೆಸರು ಒಂದರಲ್ಲಿ ತವರಿನದು, ಇನ್ನೊಂದರಲ್ಲಿ ಗಂಡನ ಮನೆಯದು ಇತ್ತು, ಅದನ್ನು ಸರಿಮಾಡಿಸುವುದೇ ಒಂದು ಕೆಲಸವಾಯಿತು.

ಎಲ್ಲಿಗೆ ಎಂದರೆ, ಘಟ್ಟದ ಮೇಲಿನವರು ಹೆಚ್ಚಾಗಿ ಹುಬ್ಬಳ್ಳಿಗೆ ಹೋಗುತ್ತೇವೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಶಿರಸಿಯಿಂದ ನೂರು ಕಿಲೋಮೀಟರ್ ಆಸುಪಾಸು. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಣಿಪಾಲ, ಮಂಗಳೂರು. ಕಾರವಾರದವರಿಗೆ ಗೋವೆಯ ಬಾಂಬೋಳಿಯ ಸರ್ಕಾರಿ ಆಸ್ಪತ್ರೆ ಹತ್ತಿರ, ಆದರೆ ಬೇರೆ ರಾಜ್ಯವಾದ್ದರಿಂದ ಯಾವ ಕಾರ್ಡ್ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿ ಹೆಂಗಸರ ಕ್ಯಾನ್ಸರ್‌ಗೇ ಪ್ರತ್ಯೇಕ ವಿಭಾಗವಿದೆ, ಜೊತೆಯಲ್ಲಿ ಬಂದವರಿಗೆ ಧರ್ಮಶಾಲೆಯೂ ಇದೆ. ಜನಸಂದಣಿ ಬಹಳ, ತಾಳ್ಮೆ ಬೇಕು.

ಓಡಾಟದ ಮಾತು: ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಕರಾವಳಿಯವರಿಗೆ ಕಾರವಾರದಿಂದ ಬೆಂಗಳೂರಿಗೆ ರಾತ್ರಿಯ ಪಂಚಗಂಗಾ ರೈಲು ಇದೆ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗಾಗಿ ಪ್ರಯಾಣಿಸುವಾಗ ರೈಲ್ವೆಯಲ್ಲಿ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಅವರಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಅಂಕೋಲಾ ಕಡೆಯ ಆಶಾ ಕಾರ್ಯಕರ್ತೆ

ಇಲ್ಲಿ ಬರೆಯುತ್ತಿರುವವರೆಲ್ಲ ಓದಿದವರು. ಚಿಕಿತ್ಸೆಯವರೆಗೂ ಬಾರದವರ ಮಾತನ್ನು ನಾನು ಹೇಳಬೇಕು. ನಾನು ಹೋಗುವ ಮನೆಗಳಲ್ಲಿ ಮೀನು ಮಾರುವವರು, ಗದ್ದೆ ಕೆಲಸದವರು, ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗುವವರು ಇದ್ದಾರೆ. ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಮಧ್ಯಾಹ್ನ ತಿರುಗಿ ಬರುತ್ತಾರೆ, ಅಷ್ಟರಲ್ಲಿ ಆರೋಗ್ಯ ಕೇಂದ್ರದ ತಪಾಸಣೆಯ ಹೊತ್ತು ಮುಗಿದಿರುತ್ತದೆ. ಗಂಡನ ಜೊತೆ ಮಲಗಿದ ಮೇಲೆ ರಕ್ತ ಬರುತ್ತದೆ ಎಂಬ ಮಾತನ್ನು ಯಾರ ಮುಂದೆ ಹೇಳುತ್ತಾರೆ? ಗರ್ಭಕಂಠದ ಕ್ಯಾನ್ಸರಿನ ಮುಖ್ಯ ಲಕ್ಷಣವೇ ಅದು. ವಾಸನೆ ಬರುವ ಸೆರಗು, ಸೊಂಟನೋವು ಎಂದರೂ ‘ಹೆಂಗಸರಿಗೆ ಇದ್ದದ್ದೇ’ ಎಂದು ಅತ್ತೆಯೇ ಸುಮ್ಮನಿರಿಸುತ್ತಾಳೆ.

30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವಿದೆ. ವಿನೆಗರಿನಂಥ ದ್ರಾವಣವನ್ನು ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಸಂಶಯದ ಜಾಗ ಬೆಳ್ಳಗಾಗುತ್ತದೆ. ಮುಂಬಯಿಯ ಬಡಾವಣೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಹೆಂಗಸರೇ ಹೀಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿದ್ದರಿಂದ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆಯಾಯಿತೆಂದು ಟಾಟಾ ಆಸ್ಪತ್ರೆಯವರ ಅಧ್ಯಯನ ತೋರಿಸಿದೆ ಎಂದು ನಮ್ಮ ತರಬೇತಿಯಲ್ಲಿ ಹೇಳಿದರು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ ಇಬ್ಬರು ಕೂಡ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡಿಲ್ಲ. ಪರದೆ ಇರುವ ಕೋಣೆ, ನೋಡುವುದಕ್ಕೆ ಒಬ್ಬ ಹೆಂಗಸು, ಸಂತೆಯಿಲ್ಲದ ದಿನ, ಇವು ಮೂರಿದ್ದರೆ ನಮ್ಮ ಕಡೆಯ ಹೆಂಗಸರು ಬರುತ್ತಾರೆ. ಒಬ್ಬಳು ಬಂದು ‘ನೋವಾಗುವುದಿಲ್ಲ’ ಎಂದು ಕೇರಿಯಲ್ಲಿ ಹೇಳಿದರೆ ಉಳಿದವರನ್ನು ನಾನು ಕರೆಯಬೇಕಾಗಿಯೇ ಇಲ್ಲ.

ನಿವೃತ್ತ ಸಿಸ್ಟರ್, ಕಾರವಾರ

ಆಶಾ ಸಹೋದರಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಾಣು ಕಾರಣ. ಅದರಲ್ಲೂ 16 ಮತ್ತು 18ನೆಯ ಬಗೆಗಳು ನೂರಕ್ಕೆ ಎಪ್ಪತ್ತರಷ್ಟು ಪ್ರಕರಣಗಳಿಗೆ ಕಾರಣವಾಗುತ್ತವೆ. ಮನೆಯಲ್ಲಿ 9ರಿಂದ 14ರ ಹೆಣ್ಣುಮಕ್ಕಳಿದ್ದರೆ ಲಸಿಕೆ ಹಾಕಿಸಿ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ದೇಶದಲ್ಲಿ ಸಿಗುತ್ತಿದೆ. ಲಸಿಕೆ ಹಾಕಿಸಿಕೊಂಡವರಿಗೂ ಮೂವತ್ತರ ನಂತರ ತಪಾಸಣೆ ಬೇಕು. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿಗೂ ಈ ಲಸಿಕೆಗೂ ಸಂಬಂಧವಿಲ್ಲ.

ಶಿರಸಿಯ ತಂಗಿ

ಎಲ್ಲರಿಗೂ ಋಣಿಯಾಗಿದ್ದೇನೆ. ಈ ಬರಹಗಳನ್ನು ಭಾವನಿಗೆ ಓದಿಸಿದೆ. ಕುಮಟಾದವರು ಬರೆದದ್ದನ್ನು ಓದಿದ ಮೇಲೆ ಅವರೇ ನರ್ಸಿಂಗ್ ಹೋಮಿಗೆ ಹೋಗಿ, ಮೊದಲು ಬಯಾಪ್ಸಿ ಮಾಡಿ ಎಂದು ಕೇಳಿದರು. ವೈದ್ಯರು ಬೇಸರಪಡದೆ ಮಾಡಿಕೊಟ್ಟರು. ವರದಿ ಬಂದಿದೆ: ಒಳಪದರದ ಕ್ಯಾನ್ಸರ್, ಎಂಡೊಮೆಟ್ರಿಯಾಯ್ಡ್ ಬಗೆ, ಗ್ರೇಡ್ 1. ಅಕ್ಕ ಒಂದು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಈಗ ಎಂಆರ್‌ಐ ಆಗಿ, ಕ್ಯಾನ್ಸರ್ ಕೇಂದ್ರದಲ್ಲಿ ದಿನ ಕೊಟ್ಟಿದ್ದಾರೆ. ಅಲ್ಲಿ ರಂಧ್ರ ಮಾಡಿ ದುರ್ಬೀನಿನಲ್ಲಿ ತೆಗೆಯುತ್ತೇವೆ ಎನ್ನುತ್ತಾರೆ. ಕ್ಯಾನ್ಸರಿಗೆ ಹಾಗೆ ಮಾಡಬಹುದೇ? ಗರ್ಭಕಂಠದ ಕ್ಯಾನ್ಸರಿಗೆ ಬೇಡವೆಂದು ಎಲ್ಲೋ ಓದಿದ ನೆನಪು.

ಸ್ತ್ರೀರೋಗ ವೈದ್ಯೆ (ಮೂಲ ಯಲ್ಲಾಪುರ)

ಗ್ರೇಡ್ 1 ಎಂಬುದು ನೆಮ್ಮದಿಯ ವಿಷಯ. ಈ ಬಗೆ ನಿಧಾನವಾಗಿ ಬೆಳೆಯುತ್ತದೆ, ಗರ್ಭಕೋಶದೊಳಗೇ ಇದ್ದರೆ ಬಹುಪಾಲು ಹೆಂಗಸರು ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುತ್ತಾರೆ. ಇದನ್ನು ಅಕ್ಕನವರ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿ.

ನೀವು ಓದಿದ್ದು ಸರಿ. ಗರ್ಭಕಂಠದ ಕ್ಯಾನ್ಸರಿನಲ್ಲಿ ದುರ್ಬೀನಿನ ಮೂಲಕ ಮಾಡಿದ ವಿಸ್ತಾರ ಶಸ್ತ್ರಚಿಕಿತ್ಸೆಗಿಂತ ಹೊಟ್ಟೆ ತೆರೆದು ಮಾಡಿದ್ದರಲ್ಲಿ ಕಾಯಿಲೆ ಮರಳುವುದು ಕಡಿಮೆ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಒಳಪದರದ ಕ್ಯಾನ್ಸರಿನ ಆರಂಭದ ಹಂತದಲ್ಲಿ ಹಾಗಿಲ್ಲ. ದುರ್ಬೀನಿನ ವಿಧಾನ ಅಷ್ಟೇ ಸುರಕ್ಷಿತ, ತೂಕ ಹೆಚ್ಚಿರುವ, ಸಕ್ಕರೆ ಇರುವವರಿಗೆ ಗಾಯ ಬೇಗ ಒಣಗುವುದರಿಂದ ಅದೇ ಮೇಲು. ಗರ್ಭಕೋಶವನ್ನು ಒಳಗೆ ತುಂಡು ಮಾಡದೆ ಇಡಿಯಾಗಿ ಹೊರತೆಗೆಯಬೇಕು ಎಂಬುದು ಮುಖ್ಯ, ತಜ್ಞರು ಹಾಗೆಯೇ ಮಾಡುತ್ತಾರೆ. ಅಂಡಾಶಯ, ನಾಳಗಳನ್ನೂ ತೆಗೆಯುತ್ತಾರೆ, ಕೆಲವೊಮ್ಮೆ ಕಾಯಿಲೆ ಮೊದಲು ಹರಡಬಹುದಾದ ಕಾವಲು ಗ್ರಂಥಿಗಳನ್ನು ಪರೀಕ್ಷೆಗೆ ತೆಗೆಯುತ್ತಾರೆ. ಅಂತಿಮ ವರದಿಯಲ್ಲಿ ಆಳ, ಗ್ರಂಥಿ, ಜೊತೆಗೆ ಗಡ್ಡೆಯ ಚೂರಿನಲ್ಲಿ ಕೆಲವು ಪ್ರೋಟೀನುಗಳನ್ನು ನೋಡುವ ಎಂಎಂಆರ್ ಮತ್ತು ಪಿ53 ಪರೀಕ್ಷೆಗಳ ಫಲ ಇದೆಯೇ ಎಂದು ಕೇಳಿ. ರೇಡಿಯೇಶನ್ ಬೇಕೋ ಬೇಡವೋ ಎಂಬುದು ಅದರಿಂದ ತಿಳಿಯುತ್ತದೆ. ಎಂಎಂಆರ್‌ನಲ್ಲಿ ದೋಷ ಕಂಡರೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿ ಇದೆಯೇ ಎಂದು ಮುಂದೆ ಪರೀಕ್ಷಿಸುತ್ತಾರೆ. ಇದ್ದರೆ ತಂಗಿಯಾದ ನಿಮಗೂ ತಪಾಸಣೆ ಬೇಕಾಗುತ್ತದೆ.

ಭಟ್ಕಳದ ಗೃಹಿಣಿ

ಇದನ್ನೆಲ್ಲ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದೆ ನನ್ನ ಗರ್ಭಚೀಲವನ್ನು ತೆಗೆದಿದ್ದಾರೆ. ಅತಿಯಾದ ಮುಟ್ಟು ಎಂದು ಕಾರಣ ಹೇಳಿದ್ದರು. ಪರೀಕ್ಷೆಗೆ ಕಳಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಉಲ್ಲೇಖವಿಲ್ಲ. ಈಗ ಏನು ಮಾಡಬೇಕು?

ಸ್ತ್ರೀರೋಗ ವೈದ್ಯೆ (ಮೂಲ ಯಲ್ಲಾಪುರ)

ಗಾಬರಿ ಬೇಡ. ಅತಿಯಾದ ಮುಟ್ಟಿಗಾಗಿ ತೆಗೆದ ಗರ್ಭಕೋಶಗಳಲ್ಲಿ ಹೆಚ್ಚಿನವುಗಳಲ್ಲಿ ನಾರುಗಡ್ಡೆಯಂಥ ಸಾಧಾರಣ ಕಾರಣಗಳೇ ಇರುತ್ತವೆ. ಆದರೂ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಶಸ್ತ್ರಚಿಕಿತ್ಸೆಯ ದಿನಾಂಕ, ಒಳರೋಗಿ ಸಂಖ್ಯೆ ಬರೆದು ಹಿಸ್ಟೊಪೆಥಾಲಜಿ, ಅಂದರೆ ತೆಗೆದ ಅಂಗದ ಪರೀಕ್ಷೆಯ, ವರದಿಯ ಪ್ರತಿ ಬೇಕೆಂದು ಆ ಆಸ್ಪತ್ರೆಗೆ ಒಂದು ಅರ್ಜಿ ಕೊಡಿ. ಪರೀಕ್ಷೆ ಆಗಿದ್ದರೆ ಪ್ರಯೋಗಾಲಯದಲ್ಲಿ ಮೇಣದಲ್ಲಿ ಕೂಡಿಸಿಟ್ಟ ಚೂರು, ಅಂದರೆ ಬ್ಲಾಕ್, ಮತ್ತು ಗಾಜಿನ ಸ್ಲೈಡುಗಳು ವರ್ಷಗಳ ಕಾಲ ಇರುತ್ತವೆ. ಸಂಶಯ ಬಂದರೆ ಅವನ್ನು ಪಡೆದು ಬೇರೆ ಕೇಂದ್ರದಲ್ಲಿ ಮತ್ತೆ ಓದಿಸಬಹುದು. ಕ್ಯಾನ್ಸರ್ ಕೇಂದ್ರಕ್ಕೆ ಹೋಗುವ ಯಾರಾದರೂ ವರದಿಯ ಕಾಗದದ ಜೊತೆ ಬ್ಲಾಕನ್ನೂ ತೆಗೆದುಕೊಂಡೇ ಹೋಗಬೇಕು, ಇಲ್ಲದಿದ್ದರೆ ಅದಕ್ಕಾಗಿಯೇ ಮತ್ತೆ ಊರಿಗೆ ಬರಬೇಕಾಗುತ್ತದೆ.

ಪರೀಕ್ಷೆಗೆ ಕಳಿಸಿಲ್ಲ ಎಂದು ಗೊತ್ತಾದರೆ, ಅಥವಾ ಉತ್ತರವೇ ಸಿಗದಿದ್ದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ ನಡೆದದ್ದನ್ನು ಹೇಳಿ. ಯೋನಿಯ ಮೇಲ್ತುದಿಯನ್ನು ಬೆಳಕಿನಲ್ಲಿ ನೋಡಿ, ಅಲ್ಲಿಂದ ಸ್ಮಿಯರ್ ತೆಗೆದು, ಕೆಳಹೊಟ್ಟೆಯ ಸ್ಕ್ಯಾನಿಂಗ್ ಮಾಡುತ್ತಾರೆ. ಗರ್ಭಕಂಠವನ್ನೂ ತೆಗೆದಿದ್ದಾರೋ ಉಳಿಸಿದ್ದಾರೋ ಎಂಬುದನ್ನು ಆಗಲೇ ಕೇಳಿಕೊಳ್ಳಿ. ಉಳಿಸಿದ್ದರೆ ಎಲ್ಲರಂತೆ ನಿಮಗೂ ಐದು ವರ್ಷಕ್ಕೊಮ್ಮೆ ತಪಾಸಣೆ ಮುಂದುವರಿಯಬೇಕು. ರಕ್ತ, ವಾಸನೆಯ ಸ್ರಾವ, ಒಂದೇ ಕಾಲಿನ ಬಾವು, ಇಳಿಯದ ಸೊಂಟನೋವು ಇವುಗಳಲ್ಲಿ ಯಾವುದಾದರೂ ಈಗ ಇದ್ದರೆ ಅರ್ಜಿಯ ಉತ್ತರಕ್ಕೆ ಕಾಯದೆ ಈ ವಾರವೇ ಹೋಗಿ. ವರದಿ ಸಿಕ್ಕಿದರೆ ಹೆಸರು, ವಿಳಾಸ ಮುಚ್ಚಿ ಇಲ್ಲಿ ಹಾಕಿ, ಓದಿ ಅರ್ಥ ಹೇಳುತ್ತೇನೆ.